ಒಂದು ಗಂಟೆಯ ರೆಕಾರ್ಡಿಂಗ್

ನಾನು ಕೇಬಲ್ ಆಫೀಸಿನವನು. ಚಾಮರಾಜಪುರಂನಲ್ಲಿ ರವಿಕೆ ಹೊಲಿಯುವ ವಯಸ್ಸಾದ ಹೆಂಗಸೊಬ್ಬರು ದೂರು ಕೊಟ್ಟಿದ್ದರು, ನೋಡೋಕೆ ಅವರ ಮನೆಗೆ ಹೋಗಿದ್ದೆ. "ಧಾರಾವಾಹಿ ನೋಡ್ಕೊಂಡೇ ಡಿಸೈನ್ ಇಳಿಸ್ಕೊಳ್ಳೋದು ಕಣಪ್ಪ. ಈ ಚಾನೆಲ್ಲಲ್ಲಿ ಕುಸುರಿಯೆಲ್ಲಾ ಕಲಸಿ ಮೆತ್ತಿದ ಹಾಗೆ ಕಾಣುತ್ತೆ."

ಚಾನೆಲ್ಲಿನವರು ಚಿತ್ರವನ್ನು ಎಷ್ಟು ಹಿಸುಕಿ, ಅಂದರೆ ಕಂಪ್ರೆಸ್ ಮಾಡಿ, ಕಳಿಸುತ್ತಾರೆ ಅಂತ ಅಂದಾಜು ಮಾಡೋದು ಸುಲಭ. ಸ್ವಲ್ಪ ಹೊತ್ತು ರೆಕಾರ್ಡ್ ಮಾಡಿ, ನಾನು ತಂದ ರೆಕಾರ್ಡರಿನಲ್ಲಿ ಫೈಲು ಎಷ್ಟು ಜಾಗ ತಿಂದಿದೆ ನೋಡಿದರಾಯಿತು. ಕಮ್ಮಿ ತಿಂದಿದ್ದರೆ ಜಾಸ್ತಿ ಹಿಸುಕಿದ್ದಾರೆ ಅಂತ. ಹತ್ತು ನಿಮಿಷ ಸಾಕು. ನಾನು "ಒಂದು ಗಂಟೆ ಬೇಕಮ್ಮ" ಅಂದೆ. ಕೆಸರೆಯ ನನ್ನ ರೂಮಿನಲ್ಲಿ ಮಾತಾಡೋಕೆ ಯಾರೂ ಇಲ್ಲ. ಇಲ್ಲಿ ಹೊಲಿಗೆ ಮಿಷನ್ನಿನ ಸದ್ದಾದರೂ ಇತ್ತು.

ಅವರು ಮಿಷನ್ ನಿಲ್ಲಿಸಿ ನನ್ನನ್ನೇ ನೋಡಿದರು. "ಬಟ್ಟೆ ಹೆಂಗಿದೆ ಅಂತ ತಿಳ್ಕೊಳ್ಳೋಕೆ ಇಡೀ ಥಾನು ಬಿಚ್ಬೇಕಾ? ಒಂದು ಚೂರು ಮುಟ್ಟಿದ್ರೆ ಸಾಕಲ್ವಾ?"

"ನಡುವೆ ಜಾಹೀರಾತು ಬಂದ್ರೆ ಲೆಕ್ಕ ತಪ್ಪುತ್ತಮ್ಮ." ನನ್ನ ದನಿ ನನಗೇ ಸುಳ್ಳು ಅನ್ನಿಸಿತು.

ಅವರು ಸೂಜಿಗಳ ಡಬ್ಬಿ ನನ್ನ ಕಡೆ ತಳ್ಳಿದರು. "ಸರಿ, ಕೂತ್ಕೊಳಪ್ಪ. ಅಲ್ಲೀವರ್ಗೂ ಇವಕ್ಕೆ ದಾರ ಪೋಣಿಸ್ಬುಡು."

ಗಂಟೆ ಮುಗಿದ ಮೇಲೆ ನೋಡಿದರೆ ಫೈಲು ತೀರಾ ಕಮ್ಮಿ ಜಾಗ ತಿಂದಿತ್ತು. ಅವರ ದೂರು ನಿಜವಾಗಿತ್ತು, ಸರಿಮಾಡುವುದು ಮಾತ್ರ ನಮ್ಮ ಕೈಯಲ್ಲಿರಲಿಲ್ಲ. ಆಫೀಸಿನ ಚೀಟಿಯಲ್ಲಿ 'ಕೆಲಸಕ್ಕೆ ಹಿಡಿದ ಸಮಯ' ಅಂತಿದ್ದ ಕಡೆ ಹತ್ತು ನಿಮಿಷ ಅಂತ ಬರೆದೆ. ದಾರ ಪೋಣಿಸಿದ್ದಕ್ಕೆ ಅದರಲ್ಲಿ ಕಾಲಂ ಇರಲಿಲ್ಲ.