ಗಂಗಕ್ಕ ಎರಡು ಸಲ ಹೇಳಿದ್ದರು

ಮೂರು ತಿಂಗಳ ಹಿಂದೆ ನಮ್ಮ ಫ್ಯಾಕ್ಟರಿಯಲ್ಲಿ ನೆಲದ ಮೇಲೆ ನಿಂತ ನೀರಿನಲ್ಲಿ ಗಂಗಕ್ಕ ಜಾರಿ ಬಿದ್ದರು. ಸೂಪರ್‌ವೈಸರ್ ಫೋನ್ ಮಾಡಿದಾಗ ನನ್ನ ಬಾಯಿಂದ ಬಂದ ಮೊದಲ ಮಾತು: ‘ಕೆಲಸ ನಿಂತಿದೆಯಾ?’

ಬರೆಯುವಾಗಲೂ ನಾಚಿಕೆಯಾಗುತ್ತದೆ.

ಹೊನ್ನವಳ್ಳಿ ರಸ್ತೆಯಲ್ಲಿ ನಮ್ಮದೊಂದು ಸಣ್ಣ ತೆಂಗಿನಕಾಯಿ ಪೌಡರ್ ಫ್ಯಾಕ್ಟರಿ. ಕರಟ ಬಿಡಿಸಿದ ಕಾಯಿಯ ಕಂದು ಸಿಪ್ಪೆಯನ್ನು ಹೆಂಗಸರು ಕೂತು ಹೆರೆಯುತ್ತಾರೆ. ಗಂಗಕ್ಕ ಹನ್ನೊಂದು ವರ್ಷದಿಂದ ಅದೇ ಕೆಲಸದಲ್ಲಿದ್ದವರು. ಅವರಷ್ಟು ತೆಳುವಾಗಿ ಹೆರೆಯುವವರು ನಮ್ಮಲ್ಲಿ ಇನ್ನೊಬ್ಬರಿಲ್ಲ. ಮುರಿದದ್ದು ಬಲಗೈಯ ಮಣಿಕಟ್ಟು.

ಅದಕ್ಕೂ ಮುಂಚೆ ನಾನು ತುಮಕೂರಿನಲ್ಲಿ ಒಂದು ಟ್ರೈನಿಂಗ್‌ಗೆ ಹೋಗಿದ್ದೆ. ಕೆಲಸಗಾರರಿಂದಲೇ ಐಡಿಯಾ ಪಡೆಯಿರಿ ಎಂದರು. ಬಂದವನೇ ಗೋಡೆಗೊಂದು ಸಲಹಾ ಪೆಟ್ಟಿಗೆ ಹೊಡೆಸಿದೆ. ಒಳ್ಳೆಯ ಸಲಹೆಗೆ ಕುಕ್ಕರ್ ಬಹುಮಾನ ಎಂದೂ ಸಾರಿದೆ. ಒಂದು ಚೀಟಿಯೂ ಬೀಳಲಿಲ್ಲ. ‘ಈ ಜನಕ್ಕೆ ಆಸಕ್ತಿಯೇ ಇಲ್ಲ’ ಎಂದು ಹೆಂಡತಿಯ ಮುಂದೆ ಗೊಣಗಿದೆ. (ಇದೇ ಅಂಕಣದಲ್ಲಿ ಬರೆಯಲೂ ಹೊರಟಿದ್ದೆ. ಸದ್ಯ, ಬರೆಯಲಿಲ್ಲ.)

ಗಂಗಕ್ಕ ಆಸ್ಪತ್ರೆಯಿಂದ ಬಂದ ಮೇಲೆ ನೋಡಲು ಅವರ ಊರು ಹಾಲ್ಕುರಿಕೆಗೆ ಹೋದೆ. ಪ್ಲಾಸ್ಟರ್ ಹಾಕಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು ಜಗಲಿಯ ಮೇಲೆ ಕೂತಿದ್ದರು. ಸೊಸೆ ಕಾಫಿ ತಂದುಕೊಟ್ಟಳು.

‘ಅಲ್ಲಿ ನೀರು ನಿಲ್ಲುತ್ತೆ ಅಂತ ಒಂದು ಮಾತು ಹೇಳಬಾರದಿತ್ತಾ ಗಂಗಕ್ಕ?’ ಎಂದೆ.



‘ಹೇಳಿದ್ದೆ ಸಾರ್. ಎಲ್ಡು ಸಲ. ಕಾಯಿನೀರು ಚರಂಡಿ ಕಡೀಕೆ ಹೋಗ್ತಿಲ್ಲ, ನೆಲ ಜಾರ್ತೈತೆ ಅಂದೆ. ನೀವು ಫೋನಲ್ಲಿದ್ರಿ. ನೋಡಾಣ, ನೀವು ಕೆಲ್ಸ ಮಾಡಿ ಹೋಗಿ ಅಂದ್ರಿ.’

ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

‘ಪೆಟ್ಟಿಗೆ ಇಟ್ಟಿದ್ದೆನಲ್ಲ?’

‘ಬಾಯಲ್ಲಿ ಹೇಳಿದ್ದೇ ಕೇಳ್ಲಿಲ್ಲ. ಚೀಟಿ ಯಾರು ಓದ್ತಾರೆ, ಬುಡಿ.’

ಮರುದಿನ ಗಾರೆಯವರನ್ನು ಕರೆಸಿದೆ. ಇಳಿಜಾರು ಎಲ್ಲಿಂದ ಎಲ್ಲಿಗೆ ಕೊಡಬೇಕು ಎಂದು ಅವರು ಕೇಳಿದರು. ನನ್ನದೇ ಫ್ಯಾಕ್ಟರಿ, ನನಗೆ ಗೊತ್ತಿರಲಿಲ್ಲ. ಗಂಗಕ್ಕನಿಗೆ ಫೋನ್ ಮಾಡಿದೆ. ಬರುವುದು ಬೇಡ ಎಂದರೂ ಕೇಳದೆ ಮಗನ ಬೈಕಿನಲ್ಲಿ ಬಂದು, ನೀರು ಎಲ್ಲೆಲ್ಲಿ ನಿಲ್ಲುತ್ತದೆಂದು ಎಡಗೈಯಲ್ಲಿ ಒಂದೊಂದಾಗಿ ತೋರಿಸಿದರು. ಹೆಂಗಸರೆಲ್ಲ ಹೆರೆಯುವುದನ್ನು ಬಿಟ್ಟು ನೋಡುತ್ತಿದ್ದರು.

ಈಗ ಪ್ರತಿ ಸೋಮವಾರ ಬೆಳಿಗ್ಗೆ ಹತ್ತು ನಿಮಿಷ ಆ ಹೆಂಗಸರ ಜೊತೆ ಕೂರುತ್ತೇನೆ. ಫೋನ್ ಆಫೀಸಿನಲ್ಲೇ ಇರುತ್ತದೆ. ಮೊದಲ ವಾರ ಯಾರೂ ಬಾಯಿ ಬಿಡಲಿಲ್ಲ. ಎರಡನೇ ವಾರ ಒಬ್ಬಾಕೆ, ‘ಚಾಕು ಹಿಡಿ ಅಂಗೈ ಉಜ್ಜುತ್ತೆ ಸಾರ್’ ಎಂದಳು, ತಲೆಯೆತ್ತದೆ. ಅವತ್ತು ಸಂಜೆಯೊಳಗೆ ಹಿಡಿ ಬದಲಾಯಿತು. ಮುಂದಿನ ಸೋಮವಾರ ನಾಲ್ಕು ಜನ ಮಾತಾಡಿದರು. ಬಹುಮಾನ ಯಾರೂ ಕೇಳಲಿಲ್ಲ.

ಗಂಗಕ್ಕನ ಮಣಿಕಟ್ಟು ಮೊದಲಿನಂತೆ ತಿರುಗುವುದಿಲ್ಲ. ಕಾಯಿ ಆರಿಸುವ ಕಡೆ ಕೂರುತ್ತಾರೆ. ಅದನ್ನು ಯಾವ ಸೋಮವಾರವೂ ಸರಿಮಾಡಲಾರದು.

‘ನಮ್ಮವರಿಗೆ ಇಂಟರೆಸ್ಟೇ ಇಲ್ಲ ಕಣ್ರೀ’ ಎನ್ನುವ ಅಂಗಡಿ ಮಾಲೀಕರು, ಆಫೀಸರುಗಳು, ಹೆಡ್‌ಮಾಸ್ಟರುಗಳು ನನಗೆ ಬಹಳ ಮಂದಿ ಪರಿಚಯ. ಅವರನ್ನು ಕಂಡಾಗ ಈಗ ಒಂದನ್ನು ಕೇಳಬೇಕೆನಿಸುತ್ತದೆ.

ನಿಮ್ಮಲ್ಲಿ ಯಾರು ಹೇಳುವುದನ್ನೇ ನಿಲ್ಲಿಸಿದ್ದಾರೆ, ನಿಮಗೆ ಗೊತ್ತಾ?