ಹಸಿ ವಾರ್ನಿಶಿನ ಮೇಲೆ ಭಂಡಾರ

ಭಂಡಾರ ಕಂಡರೆ ಈಗಲೂ ನನ್ನ ಮೈ ಉರಿಯುತ್ತದೆ. ಮೈಲಾರಲಿಂಗನ ಮೇಲೆ ನನಗೆ ಸಿಟ್ಟಿಲ್ಲ, ಅವನು ನಮ್ಮ ಮನೆದೇವರು. ನನಗೆ ಸಿಟ್ಟಿರುವುದು ಅವನ ಹೆಸರಿನಲ್ಲಿ ಆ ಭಂಡಾರದ ಅರಿಶಿನ ತೂರಿದ ಕೈಯ ಮೇಲೆ. ಆ ಕೈಯನ್ನು ತಡೆಯದೆ ನಿಂತ ನನ್ನ ಅಪ್ಪನ ಮೇಲೆ ಅದಕ್ಕಿಂತ ಹೆಚ್ಚು. ಸತ್ತವರ ಮೇಲೆ ಸಿಟ್ಟು ಇಟ್ಟುಕೊಳ್ಳಬಾರದು ಅನ್ನುತ್ತಾರೆ. ಹಾಗೆ ಅನ್ನುವವರ ಕೈಯಿಂದ ಯಾರೂ ಏನನ್ನೂ ಕಸಿದುಕೊಂಡಿರುವುದಿಲ್ಲ.

ಅಪ್ಪ ಸೋಲಾಪುರದಲ್ಲಿ ಗಾಡಿಗಳಿಗೆ ಬಣ್ಣ ಹಚ್ಚುತ್ತಿದ್ದ. ಮೊದಲು ಟಾಂಗಾ, ಆಮೇಲೆ ಸೈಕಲ್ಲು, ಯುದ್ಧ ಮುಗಿದ ಮೇಲೆ ಫಟಫಟಿ. ಮೋಟಾರ್ ಸೈಕಲ್ಲಿಗೆ ನಮ್ಮ ಕಡೆ ಆಗ ಬೇರೆ ಹೆಸರೇ ಇರಲಿಲ್ಲ. ಮಿಲಿಟರಿಯವರು ಬಳಸಿ ಬಿಟ್ಟವು ಪುಣೆಯ ಲಿಲಾವಿನಲ್ಲಿ, ಹರಾಜಿಗೆ, ಸಿಗುತ್ತಿದ್ದವು, ಮೈತುಂಬ ಹಸಿರು ಮಣ್ಣಿನ ಬಣ್ಣ. ಅವನ್ನು ಕೊಂಡ ದೊಡ್ಡ ಮಂದಿಗೆ ಅದು ಕಂಪನಿಯಿಂದ ಈಗ ಇಳಿದ ಹಾಗೆ ಕಾಣಬೇಕು: ಪೆಟ್ರೋಲಿನ ಟಾಕಿ ಕರಿ, ಅದರ ಮೇಲೆ ಬಂಗಾರದ ಗೆರೆ, ಅದರ ಪಕ್ಕಕ್ಕೆ ಕೂದಲೆಳೆಯಷ್ಟು ಕೆಂಪು ಗೆರೆ, ನಡುವೆ ಕಂಪನಿಯ ಗುರುತು. ನೀರಿನಲ್ಲಿ ನೆನೆಸಿ ಅಂಟಿಸುವ ಗುರುತಿನ ಕಾಗದ ವಿಲಾಯತಿಯಿಂದ ಬರಬೇಕಿತ್ತು, ಬರುತ್ತಿರಲಿಲ್ಲ. ಹಾಗಾಗಿ ಹಳೆಯ ಬಣ್ಣ ಕೆರೆಯುವ ಮೊದಲು ಎಣ್ಣೆ ಕಾಗದ ಇಟ್ಟು ಗುರುತನ್ನು ತೆಗೆದುಕೊಂಡು, ಹೊಸ ಬಣ್ಣದ ಮೇಲೆ ಅದನ್ನೇ ಕೈಯಿಂದ ಬರೆಯುತ್ತಿದ್ದೆವು.

ಬರೆಯುತ್ತಿದ್ದೆವು ಎಂದೆ. ತಪ್ಪು. ಬರೆಯುತ್ತಿದ್ದವಳು ನಾನು.

ನಾನು ಬೋರಾಮಣಿಯ ಗಂಡನನ್ನು ಬಿಟ್ಟು ಬಂದವಳು. ಅವನು ಕುಡಿದು ಹೊಡೆಯುತ್ತಿದ್ದ. ಒಂದು ದಿನ ಬಲಗೈ ಹಿಡಿದು ತಿರುವಿದ. ಮುರಿಯಲಿಲ್ಲ, ಆದರೆ ಅಂದೇ ಎದ್ದು ಬಂದೆ. ಅವ್ವ ಹೋಗಿ ಬಹಳ ಕಾಲವಾಗಿತ್ತು. ಕೊಟ್ಟ ಹೆಣ್ಣು ಕುಲಕ್ಕೆ ಹೊರಗೆ ಎಂದು ಓಣಿಯ ಮಂದಿ ಅಪ್ಪನಿಗೆ ಸಾರಿ ಸಾರಿ ಹೇಳಿದರು, ಅವನಿಗೂ ಅದು ಸರಿ ಅನ್ನಿಸಿತ್ತು. ಅಷ್ಟರಲ್ಲಿ ಅವನ ಕೈ ನಡುಗಲು ಶುರುವಾಗಿತ್ತು. ಒಬ್ಬರ ಟಾಂಗಾದ ಮೇಲೆ ಅವನು ಎಳೆದ ಗೆರೆ ಹಾವಿನ ಹಾಗೆ ಹರಿದಾಗ ನಾನು ಅವನ ಕೈಯಿಂದ ಕುಂಚ ತೆಗೆದುಕೊಂಡು, ಅದನ್ನು ಒರೆಸಿ, ಮತ್ತೆ ಎಳೆದೆ. ಆ ದಿನದಿಂದ ನನ್ನನ್ನು ಬೋರಾಮಣಿಗೆ ಕಳಿಸುವ ಮಾತು ನಿಂತಿತು. ಆ ಮನೆಯಲ್ಲಿ ನನ್ನ ರೊಟ್ಟಿ, ನನ್ನ ಚಾಪೆ, ನನ್ನ ನಿದ್ದೆ ಎಲ್ಲವೂ ಅಳಿಲಿನ ಬಾಲದ ಕೂದಲು ಕಟ್ಟಿದ ಆ ಕುಂಚದ ಮೇಲೆ ನಿಂತಿದ್ದವು. ಇದು ನನಗೂ ಗೊತ್ತಿತ್ತು, ಅಪ್ಪನಿಗೂ ಗೊತ್ತಿತ್ತು.

ಗಿರಾಕಿಗಳಿಗೆ ಮಾತ್ರ ಗೊತ್ತಿರಬಾರದು. ನಾನು ಕೆಲಸ ಮಾಡುತ್ತಿದ್ದದ್ದು ಅಂಗಡಿಯ ಹಿಂದಿನ ಕೋಣೆಯಲ್ಲಿ, ಪರದೆಯ ಆಚೆ. ಅದಕ್ಕೆ ಅಪ್ಪ ಕೊಡುತ್ತಿದ್ದ ಕಾರಣ ಹತ್ತಿಯ ಧೂಳು. ಗಿರಣಿಗಳ ಊರು, ಭೋಂಗಾ ಕೂಗಿ ಪಾಳಿ ಬಿಟ್ಟಾಗ ಮಂದಿಯ ತಲೆಯ ಮೇಲೆ, ಅಂಗಿಯ ಮೇಲೆ ಹತ್ತಿ ಹಾರಾಡುತ್ತ ಬರುತ್ತಿತ್ತು. ಹಸಿ ವಾರ್ನಿಶಿನ ಮೇಲೆ ಒಂದು ಎಳೆ ಕೂತರೂ ಮುಗಿಯಿತು. ಅದಕ್ಕೇ ನೆಲಕ್ಕೆ ನೀರು ಚಿಮುಕಿಸಿ, ಬಾಗಿಲು ಹಾಕಿ, ಒಳಗೇ ಕೂತು ಮಾಡಬೇಕು. ಕಾರಣ ಖರೆಯದೇ. ಆದರೆ ಪರದೆಯನ್ನು ಹತ್ತಿಗಾಗಿ ಕಟ್ಟಿದ್ದಲ್ಲ. 'ಮಿಸ್ತ್ರಿ, ಕೈ ಅಂದ್ರ ನಿಮ್ದು ಕೈ ನೋಡ್ರಿ' ಎಂದು ಗಿರಾಕಿ ಹೊಗಳಿದಾಗ ಅಪ್ಪ ತಲೆ ಬಾಗಿಸಿ ನಗುತ್ತಿದ್ದದ್ದು ನನಗೆ ಆಚೆಯಿಂದ ಕೇಳಿಸುತ್ತಿತ್ತು. ನಾನು ಹಲ್ಲು ಕಚ್ಚಿಕೊಂಡು ಇನ್ನೊಂದು ಗೆರೆ ಎಳೆಯುತ್ತಿದ್ದೆ. ಕಿರುಬೆರಳನ್ನು ಟಾಕಿಯ ಅಂಚಿಗೆ ಊರಿ, ಉಸಿರು ಹಿಡಿದು, ಈ ತುದಿಯಿಂದ ಆ ತುದಿಗೆ ಒಂದೇ ಎಳೆತ. ನಡುವೆ ನಿಂತರೆ ಗಂಟು ಬೀಳುತ್ತದೆ.

ಅಕ್ಕಲಕೋಟದ ಸಂಸ್ಥಾನ ಹೋಗಿ ಕೆಲವು ವರ್ಷಗಳಾಗಿದ್ದವು. ಹನ್ನೂರಿನ ಗೌಡನೊಬ್ಬ ಒಂದು ಮಿಲಿಟರಿ ಫಟಫಟಿ ತಂದ. ರಾಜರ ಮೋಟಾರು ಓಡಾಡಿದ ಅಕ್ಕಲಕೋಟದ ಪೇಟೆಯಲ್ಲಿ ಈಗ ತಾನು ಫಟಫಟಿ ಓಡಿಸಬೇಕು ಅನ್ನುವ ಹುಕಿ ಅವನದು. ಕರಿ ಟಾಕಿ, ಬಂಗಾರದ ಗೆರೆ, ಎಲ್ಲ ಹೇಳಿದ ಮೇಲೆ, 'ಕಂಪನಿ ಗುರ್ತು ಬ್ಯಾಡ್ರಿ. ಅಲ್ಲಿ ನಮ್ಮ ಮೈಲಾರನ ಕುದರಿ ಬರೀರಿ' ಅಂದ.

ಆ ಕುದುರೆಯನ್ನು ನಾನು ಎಷ್ಟು ಪ್ರೀತಿಯಿಂದ ಬರೆದೆ ಅಂದರೆ, ಈಗ ನೆನೆದರೂ ಬೆರಳು ತಾವೇ ಮಡಚಿಕೊಳ್ಳುತ್ತವೆ. ಬಿಳಿ ಕುದುರೆ, ಎತ್ತಿದ ಮುಂಗಾಲು, ಕೆಂಪು ಜೀನು. ಸುತ್ತ ಬಂಗಾರದ ಗೆರೆ ಟಾಕಿಯ ಉಬ್ಬನ್ನು ಬಳಸಿ ಹೋಗಿ ಹಿಂದೆ ಚೂಪಾಗಿ ಕೂಡುತ್ತಿತ್ತು. ಅಪ್ಪ ನೋಡಿ, 'ಪಸಂದ ಆಗ್ಯಾದ' ಅಂದ. ನನಗೆ ಅವನು ಹೇಳಿದ ಒಳ್ಳೆಯ ಮಾತು ಅದೊಂದೇ, ಅದನ್ನೂ ಕುದುರೆಗೆ ಹೇಳಿದ್ದು ಅಂತ ಇಟ್ಟುಕೊಂಡರೂ ನಡೆಯುತ್ತದೆ.

ಮೇಲಿನ ವಾರ್ನಿಶನ್ನು ಶನಿವಾರ ಸಂಜೆ ಕೊಟ್ಟಿದ್ದೆವು. ರವಿವಾರ ಬೆಳಿಗ್ಗೆ ಅದಿನ್ನೂ ಬೆರಳಿಗೆ ಹತ್ತುವಷ್ಟು ಹಸಿ. ಅವತ್ತೇ ಗೌಡ ತನ್ನ ತಾಯಿಯನ್ನು ಕರೆದುಕೊಂಡು ಬಂದುಬಿಟ್ಟ. ರವಿವಾರ ಮೈಲಾರನ ವಾರ, ಮುದುಕಿಗೆ ಕುದುರೆಯನ್ನು ನೋಡಲೇಬೇಕಂತೆ.

'ಹೊರಗ ಒಯ್ಯಬ್ಯಾಡಪ್ಪಾ, ಇನ್ನಾ ಹಸಿ ಐತಿ' ಎಂದು ನಾನು ಪಿಸುಗುಟ್ಟಿದೆ.

'ದೊಡ್ಡ ಮಂದಿ, ಬ್ಯಾಡ ಅಂತ ಹ್ಯಾಂಗ ಹೇಳಲಿ? ದೂರಿಂದ ನೋಡಿ ಹೋಗ್ತಾರ' ಅಂದ ಅಪ್ಪ. ಟಾಕಿಯನ್ನು ಕೆಳಗಿನಿಂದ ಹಿಡಿದು ಹೊರಗೆ ತಂದು ಸ್ಟೂಲಿನ ಮೇಲೆ ಇಟ್ಟ.

ಪರದೆಯ ಸಂದಿಯಿಂದ ನಾನು ನೋಡುತ್ತಿದ್ದೆ. ಮುದುಕಿ ಕುದುರೆಗೆ ಕೈ ಮುಗಿದಳು. ಕಣ್ಣು ತುಂಬಿಕೊಂಡಳು. ಆಮೇಲೆ ಸೊಂಟದಲ್ಲಿದ್ದ ಭಂಡಾರದ ಚೀಲಕ್ಕೆ ಕೈ ಹಾಕಿದಳು. ದೇವರ ಕುದುರೆ ಕಂಡ ಮೇಲೆ ನಮ್ಮವರಲ್ಲಿ ಯಾರ ಕೈ ಭಂಡಾರದ ಚೀಲಕ್ಕೆ ಹೋಗುವುದಿಲ್ಲ? ಅದು ನಮ್ಮ ಮಂದಿಯ ರಕ್ತದಲ್ಲೇ ಇದೆ. ಅಪ್ಪನಿಗೆ ಅದು ಗೊತ್ತಿರಲಿಲ್ಲವೇ? 'ತಾಯಿ, ತಡೀರಿ, ಹಸಿ ಐತಿ' ಎಂದು ಎರಡು ಮಾತು ಆಡಿದ್ದರೆ ಅವನ ನಾಲಗೆ ಸವೆಯುತ್ತಿತ್ತೇ? ಭಂಡಾರವನ್ನು ತಡೆಯುವುದು ಪಾಪ ಎಂದು ಬಾಯಿ ಮುಚ್ಚಿ ನಿಂತ. ನನಗೆ ತಡೆಯಲಾಗಲಿಲ್ಲ. ಪರದೆ ಸರಿಸಿ ಹೊರಗೆ ಹಾರಿದೆ.

'ಒಗೀಬ್ಯಾಡ್ರೀ!'

'ಏಳುಕೋಟಿ, ಏಳುಕೋಟಿ, ಏಳುಕೋಟಿಗೋ!' ಎಂದು ಮುದುಕಿ ತೂರಿಯೇಬಿಟ್ಟಳು. ಮುಷ್ಟಿ ತುಂಬ ಅರಿಶಿನ ನನ್ನ ಕುದುರೆಯ ಮೇಲೆ, ಗೆರೆಗಳ ಮೇಲೆ ಬಿದ್ದು ಹಸಿ ವಾರ್ನಿಶಿನಲ್ಲಿ ಹೂತುಹೋಯಿತು.

ಯಾರೂ ಟಾಕಿಯನ್ನು ನೋಡಲಿಲ್ಲ. ಎಲ್ಲರೂ ನನ್ನನ್ನು ನೋಡಿದರು. ಬಂಗಾರದ ಪುಡಿ ಮೆತ್ತಿದ ನನ್ನ ಬೆರಳುಗಳನ್ನು, ಸೆರಗಿಗೆ ಹತ್ತಿದ ಕೆಂಪು ಬಣ್ಣವನ್ನು ನೋಡಿದರು.

'ಈಕಿ ಯಾರು?' ಅಂದಳು ಮುದುಕಿ. 'ದೇವರ ಭಂಡಾರಕ್ಕ ಬ್ಯಾಡ ಅಂತಾಳ? ದೇವರ ಕುದರಿ ಈಕಿ ಬರದಾಳೇನು?'

'ಇಲ್ಲರೀ ತಾಯಿ. ನನ್ನ ಮಗಳು. ಗಂಡನ್ನ ಬಿಟ್ಟು ಬಂದು ಮನ್ಯಾಗ ಕುಂತಾಳ. ಬರೇ ಬಣ್ಣ ಕಲಸಿ ಕೊಡ್ತಾಳ. ಬರಿಯಾಂವ ನಾನ.'

ಅಪ್ಪ ಇದನ್ನು ನನ್ನ ಎದುರಿಗೇ ಹೇಳಿದ, ಕಣ್ಣು ಮಿಟುಕಿಸದೆ. ಗಂಡನನ್ನು ಬಿಟ್ಟು ಬಂದವಳು ಎನ್ನುವುದನ್ನು ಯಾರೂ ಕೇಳಿರಲಿಲ್ಲ. ಅದನ್ನು ತಾನಾಗಿ ಸೇರಿಸಿದ.

ಮುದುಕಿ ಟಾಕಿಯ ಮೇಲೆ ಕೈಯಾಡಿಸಿದಳು. ಉಸುಕಿನ ಹಾಗೆ ಒರಟು, ಒರೆಸಿದರೆ ಹೋಗುವುದಿಲ್ಲ. 'ನೋಡ್ರಿ, ಗಂಡನ್ನ ಬಿಟ್ಟಾಕಿ ಕೈ ಹತ್ತೇದ. ಅದಕ್ಕ ದೇವರು ಮುನಿಸ್ಯಾನ' ಅಂದಳು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವುದು ಅಂದರೆ ಇದೇ. ಹಸಿ ವಾರ್ನಿಶಿನ ಮೇಲೆ ಹಿಟ್ಟು ತೂರಿದರೂ ಅಂಟುತ್ತದೆ, ಅದಕ್ಕೆ ದೇವರು ಮುನಿಯಬೇಕಿಲ್ಲ. ಅಪ್ಪನಿಗೆ ಇದು ಮೂವತ್ತು ವರ್ಷದ ಕಸುಬು. ಆದರೂ ಅವನು 'ಹೌದ್ರಿ ತಾಯಿ' ಅಂದ.

ಆ ವಾರವೆಲ್ಲ ಕೂತು ಕೆರೆದೆವು. ಅರಿಶಿನ ಗೆರೆಗಳಿಗೆ ಇಳಿದು ಬಂಗಾರವನ್ನೆಲ್ಲ ಕೆಡಿಸಿತ್ತು, ಬಿಳಿ ಕುದುರೆ ಕಾಮಾಲೆ ಹಿಡಿದವರ ಹಾಗೆ ಹಳದಿಯಾಗಿತ್ತು. ಕೊನೆಗೆ ಎಲ್ಲವನ್ನೂ ತೆಗೆದು ಮತ್ತೆ ಕರಿ ಬಣ್ಣ ಕೊಟ್ಟೆವು. ಕುದುರೆಯನ್ನು ಕೆರೆದವಳೂ ನಾನೇ. ಅಪ್ಪ ಆ ಕಡೆ ಮುಖ ಮಾಡಿಕೊಂಡು ಮಡ್‌ಗಾರ್ಡ್ ತಿಕ್ಕುತ್ತಿದ್ದ.

ಮುಂದಿನ ರವಿವಾರ ತಾಯಿ ಮಗ ಇಬ್ಬರೂ ಮತ್ತೆ ಬಂದರು. ಗೌಡ ಬೆಂಚಿನ ಮೇಲೆ ಕೂತು, ಸ್ವಲ್ಪ ನಾಚಿಕೆಯಿಂದಲೇ ಹೇಳಿದ: 'ಮಿಸ್ತ್ರಿ, ಸಿಟ್ಟಾಗಬ್ಯಾಡ್ರಿ. ಅವ್ವನ ಮನಸ್ಸಿಗೆ ಸಮಾಧಾನ ಇಲ್ಲ. ಗೆರಿ ನಮ್ಮ ಮುಂದ ಎಳೀರಿ, ಆಕಿ ನೋಡ್ಲಿ.'

ಅಪ್ಪ ಕುಂಚ ಹಿಡಿದ. ನಾನು ಪರದೆಯನ್ನು ಪೂರಾ ಸರಿಸಿ ಬಾಗಿಲಲ್ಲಿ ನಿಂತೆ. ಇನ್ನು ಅಡಗುವುದಕ್ಕೆ ಏನಿತ್ತು? ಅವನು ಎಳೆದ ಗೆರೆ ಗೇಣು ದೂರ ಹೋಗುವಷ್ಟರಲ್ಲಿ ಸೊಟ್ಟಗಾಯಿತು. ಒರೆಸಿದ. ಬೆಳಕು ಸಾಲದು ಅಂದ. ಮತ್ತೆ ಎಳೆದ, ಮತ್ತೆ ಸೊಟ್ಟ. ಕುಂಚದ ಕೂದಲು ಹೋಗಿದೆ ಅಂದ. ಕುಣಿಯಲಾರದವಳಿಗೆ ಅಂಗಳ ಡೊಂಕು. ಅವನ ಹಣೆಯಿಂದ ಬೆವರು ಟಾಕಿಯ ಮೇಲೆ ತೊಟ್ಟಿಕ್ಕಿತು. ಓಣಿಯವರು ಒಬ್ಬೊಬ್ಬರಾಗಿ ಬಂದು ನಿಂತರು. ನನಗೆ ಆಗಲೂ ಸಿಟ್ಟೇ ಇತ್ತು. ಆದರೆ ಅವನನ್ನು ಹಾಗೆ ಮಂದಿಯ ನಡುವೆ ನೋಡಲಾಗಲಿಲ್ಲ.

'ಅತ್ತ ಸರೀ ಅಪ್ಪಾ' ಎಂದು ಕುಂಚ ತೆಗೆದುಕೊಂಡೆ.

ಕಿರುಬೆರಳು ಊರಿದೆ. ಉಸಿರು ಹಿಡಿದೆ. ಎಳೆದೆ. ಬಂಗಾರದ ಗೆರೆ ಟಾಕಿಯ ಉಬ್ಬನ್ನು ಬಳಸಿ ಹಿಂದಿನ ತುದಿಯವರೆಗೆ ಹೋಯಿತು. ಪಕ್ಕದ ಮನೆಯ ಮರಾಠಿ ನೇಕಾರ 'ಕಾಯ ಹಾತ ಆಹೇ!' ಎಂದು ಉದ್ಗರಿಸಿದ. ಏನು ಕೈ ಇದು ಎಂದು ನನ್ನ ಕೈಗೆ, ನನಗೆ, ಎಲ್ಲರ ಎದುರು ಯಾರಾದರೂ ಹೇಳಿದ್ದು ಅದೇ ಮೊದಲು.

ಗೌಡ ಬಗ್ಗಿ ಗೆರೆಯನ್ನು ನೋಡಿದ. ಅವನಿಗೆ ಅದು ಬೇಕಾಗಿತ್ತು, ಮುಖದಲ್ಲೇ ಕಾಣುತ್ತಿತ್ತು. 'ಯವ್ವಾ, ಛಲೋ ಬಂದದಲ್ಲ...' ಎಂದು ತಾಯಿಯ ಕಡೆ ತಿರುಗಿದ.

'ಗೆರಿ ಇಲ್ದಿದ್ರೂ ನಡೀತದ. ಈಕಿ ಎಳೆದಿದ್ದು ಬ್ಯಾಡ' ಅಂದಳು ಮುದುಕಿ. ದೇವರು ವರ ಕೊಟ್ಟರೂ ಪೂಜಾರಿ ಕೊಡ. ಗೌಡ ತಲೆ ತಗ್ಗಿಸಿದ.

ನಾನು ಅಪ್ಪನನ್ನು ನೋಡಿದೆ. ಎರಡೇ ಮಾತು ಬೇಕಾಗಿತ್ತು: ಇಷ್ಟು ದಿನ ಬರೆದಾಕಿ ಈಕಿ. ಗೌಡ ಕೆಲಸ ಬಿಟ್ಟು ಹೋಗಿದ್ದರೆ ಹೋಗುತ್ತಿದ್ದ. ಓಣಿ ನಿಂತು ನೋಡುತ್ತಿತ್ತು, ಗೆರೆ ಕಣ್ಣ ಮುಂದೆಯೇ ಇತ್ತು. ಅಪ್ಪ ಡಬ್ಬಿಯಿಂದ ಟರ್ಪಂಟೈನ್ ಸುರಿದು ಅರಿವೆ ತೋಯಿಸಿದ. ಟಾಕಿಯ ಮುಂದಿನ ತುದಿಗೆ ಅದನ್ನು ಒತ್ತಿ ಹಿಡಿದು ಹಿಂದಿನ ತುದಿಯವರೆಗೆ ಒರೆಸಿದ, ಒಂದೇ ಎಳೆತಕ್ಕೆ, ನಡುವೆ ಎಲ್ಲೂ ನಿಲ್ಲದೆ. ಅವನ ಕೈ ಅಷ್ಟು ನೇರ ಓಡಿದ್ದನ್ನು ನಾನು ಎಷ್ಟೋ ವರ್ಷಗಳಿಂದ ನೋಡಿರಲಿಲ್ಲ.

'ಹುಡುಗಿಗೆ ತಿಳಿಯೂದಿಲ್ಲರೀ ತಾಯಿ' ಅಂದ. ಅವರು ಹೋದ ಮೇಲೆ ಅರಿವೆ ಹಿಂಡುತ್ತ ನನಗೆ ಹೇಳಿದ: 'ಬೋರಾಮಣಿ ಬಸ್ಸು ಎಷ್ಟೊತ್ತಿಗೆ ಅಂತ ಕೇಳ್ಕೊಂಡು ಬರ್ತೀನಿ.'

ನಾನು ಬೋರಾಮಣಿಗೆ ಹೋಗಲಿಲ್ಲ, ಕುಂಚವನ್ನೂ ಮತ್ತೆ ಹಿಡಿಯಲಿಲ್ಲ. ಓಣಿಯ ಹೆಂಗಸರ ಜೊತೆ ಕೂತು ಬೀಡಿ ಕಟ್ಟಿ ನನ್ನ ರೊಟ್ಟಿ ನಾನು ದುಡಿದುಕೊಂಡೆ. ಅಪ್ಪ ಸಾಯುವವರೆಗೆ ಅದೇ ಮನೆಯಲ್ಲಿದ್ದೆ. ಅವನಿಗೆ ರೊಟ್ಟಿ ಬಡಿದು ಹಾಕಿದೆ, ಹಾಸಿಗೆ ಹಿಡಿದಾಗ ಮೈ ಒರೆಸಿದೆ. ಮಾತು ಮಾತ್ರ ಆಡಲಿಲ್ಲ. ಅವನೂ ಯಾಕೆ ಎಂದು ಕೇಳಲಿಲ್ಲ.