ಚೀಲದ ತಳಕ್ಕೆ ಕೈ ಹಾಕಿದ ಮಕ್ತುಮಬಿ

ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ಮಕ್ತುಮಬಿಯ ಎಡಗೈಗೆ ಹೆದರದವರು ಇರಲಿಲ್ಲ. ಬಲಗೈ ಎಲ್ಲರಂತೆ ಉಣ್ಣುವ, ಬಡಿಸುವ ಸಾಧು ಕೈ. ಎಡಗೈ ಹಾಗಲ್ಲ. ಚೀಲದ ಬಾಯಿಯಿಂದ ಹೊಕ್ಕಿತೆಂದರೆ ಮೊಣಕೈ ಮುಳುಗಿ, ತೋಳು ಮುಳುಗಿ, ತಳದಲ್ಲಿ ಅಡಗಿ ಕುಳಿತ ಬಣ್ಣಗೆಟ್ಟ ಬಿಳಿಗಾಯಿಯನ್ನು ತೊಟ್ಟು ಹಿಡಿದು ಸಭೆಗೆ ಎಳೆದು ತರುತ್ತಿತ್ತು.

“ಚೀಲದ ಬಾಯಾಗ ಎಲ್ಲಾರೂ ಸಾವಕಾರ್ರ. ತಳದಾಗ ಏನೈತಿ ಅದನ್ನ ನೋಡ್ಬೇಕು” ಎನ್ನುವುದು ಆಕೆಯ ಶಾಸ್ತ್ರ.

ಪ್ರಭುಲಿಂಗಪ್ಪನವರ ದಲಾಲಿ ಅಂಗಡಿಯಲ್ಲಿ ಮೂವತ್ತು ವರ್ಷ ಕಾಯಿ ಆರಿಸಿದವಳು ಆಕೆ. ಆರಿಸುವ ಹೆಂಗಸರ ಸಾಲಿನಲ್ಲಿ ಹಾಡಿಗೆ ಮೊದಲ ಸೊಲ್ಲೂ ಆಕೆಯದೇ. ಒಂದು ಸೊಲ್ಲು ಹಾಡು, ಎರಡು ಸಲ ಕೆಮ್ಮು, ಮತ್ತೆ ಒಂದು ಸೊಲ್ಲು ಹಾಡು. ಜತೆಗಾರ್ತಿಯರು ಆ ಕೆಮ್ಮನ್ನೂ ತಾಳದಲ್ಲಿ ಸೇರಿಸಿಕೊಂಡಿದ್ದರು.

1991ರ ಚಳಿಗಾಲದಲ್ಲಿ ಒಂದು ನಾಟಕ ಕಂಪನಿ ಬ್ಯಾಡಗಿಯಲ್ಲಿ ಬಿಡಾರ ಹೂಡಿ, ಜನ ಬಾರದೆ ಮುಳುಗಿ, ಪರದೆ, ಕಿರೀಟ, ಗದೆಗಳನ್ನು ಹರಾಜಿಗಿಟ್ಟಿತು. ಭೀಮನ ಗದೆಯನ್ನು ಒಬ್ಬ ಹೋಟೆಲಿನವನು ಕೊಂಡ. ಯಾತಕ್ಕೆಂದು ಇಂದಿಗೂ ತಿಳಿದಿಲ್ಲ. ಕೊನೆಗೆ ಹಾರ್ಮೋನಿಯಂ ಹೊರಬಂತು. ನಮ್ಮ ಕಡೆ ಅದಕ್ಕೆ ಪೇಟಿ ಎನ್ನುತ್ತಾರೆ. ಅದಕ್ಕಾಗಿ ಕೂಗಿದವರು ಇಬ್ಬರೇ. ಒಬ್ಬ, ಮದುವೆಗಳಿಗೆ ಬ್ಯಾಂಡ್ ಬಾರಿಸುವ ಶಮಶೇರಸಾಬ. ಇನ್ನೊಬ್ಬಳು ಅವನ ಅತ್ತಿಗೆ ಮಕ್ತುಮಬಿ.

“ಭಾಬಿ, ನಿನಗ್ಯಾಕ ಪೇಟಿ? ಮೆಣಸಿನಕಾಯಿ ತುಂಬಿಡಾಕ?”

“ಬಾರ್ಸಾಕ. ಬಾರ್ಸಿಕೋಂತ ಹಾಡಾಕ.”

“ಪ್ಯಾಟಿಯಾಕಿ ಪೇಟಿ ಬಾರಸ್ತಾಳಂತ, ಕೇಳ್ರೆಪಾ! ಈ ವಯಸ್ಸಿನ್ಯಾಗ ನಿನಗ ಕಲಸೋರು ಯಾರು?”

“ಹುಡುಕ್ತೇನಿ. ನಿನಗ ಹೆಣ್ಣ ಹುಡುಕಿದಾಕಿಗೆ ಗುರು ಹುಡುಕೂದು ಏನ್ ದೊಡ್ಡದು?”

ನೆರೆದವರು ಹೋ ಎಂದು ನಕ್ಕರು. ಶಮಶೇರಸಾಬನ ಮುಖ ಕೆಂಪಾಯಿತು. ಹತ್ತು ಮಂದಿಯ ಎದುರು ಪಂದ್ಯ ಕಟ್ಟಿದ: “ನಾ ಕೂಗೂದು ಬಿಡ್ತೇನಿ. ಆದರ ಯುಗಾದಿ ಒಳಗ ನಿನಗ ಕಲಸೋ ಖರೇ ಗುರು ಸಿಗಲಿಲ್ಲಂದ್ರ ನೀ ಕೊಟ್ಟ ದರಕ್ಕ ಪೇಟಿ ನನಗ.”

“ಆತು” ಎಂದಳು ಮಕ್ತುಮಬಿ.

ಪೇಟಿ ಮನೆಗೆ ಬಂತು. ಹಮಾಲಿ ಮಾಡುವ ಗಂಡ ದಾದಾಸಾಬ ಮಾತಿನಲ್ಲಿ ಬಲು ಜಿಪುಣ. ಪೇಟಿಯನ್ನೊಮ್ಮೆ, ಹೆಂಡತಿಯನ್ನೊಮ್ಮೆ ನೋಡಿದ.

“ನಲವತ್ತೆಂಟರ ವಯಸ್ಸಿನ್ಯಾಗ?”

“ಹೂಂ.”

“ಕೆಮ್ಮು?”

“ಅದೂ ನನ್ನ ಕೂಡ ಕಲೀತೈತಿ.”

ದಾದಾಸಾಬ ತಲೆಯಾಡಿಸಿ, ಪೇಟಿಯ ಮೇಲೆ ಒಂದು ಹೊಸ ಗೋಣಿತಟ್ಟು ಹೊದಿಸಿದ. ಅವನ ಸಮ್ಮತಿ ಅಷ್ಟೇ.

ಪೇಟೆಗೆ ಬಿಡುವಿದ್ದ ಒಂದು ದಿನ ಮಕ್ತುಮಬಿಯ ದಿಗ್ವಿಜಯ ಪ್ಯಾಸೆಂಜರ್ ಗಾಡಿಯಲ್ಲಿ ರಾಣೇಬೆನ್ನೂರಿನತ್ತ ಹೊರಟಿತು. ಅಲ್ಲಿಯ ಗವಾಯಿಗಳ ಮನೆಯಲ್ಲಿ ಗೋಡೆ ಕಾಣುತ್ತಿರಲಿಲ್ಲ; ಸನ್ಮಾನದ ಪಟಗಳೂ ಶಾಲುಗಳೂ ಅದನ್ನು ಮುಚ್ಚಿದ್ದವು.

“ಕಲಿಯೂ ಮೊಮ್ಮಗಳು ಎಲ್ಲವಾ?” ಎಂದರು ಗವಾಯಿಗಳು.

“ಎಲ್ಲೀ ಮೊಮ್ಮಗಳ್ರಿ? ಕಲಿಯಾಕಿ ನಾನ.”

ಗವಾಯಿಗಳು ಅದನ್ನು ವಿನೋದವೆಂದು ತಿಳಿದು, ತಮ್ಮ ವಿದ್ಯೆ ಎಂಥದೆಂದು ತೋರಿಸಲು ತಂಬೂರಿ ತೆಗೆದುಕೊಂಡು ಹಾಡತೊಡಗಿದರು. ಚೆನ್ನಾಗಿಯೇ ಹಾಡಿದರು. ಆದರೆ ಮಕ್ತುಮಬಿಯ ಸೀರೆಯ ನಿರಿಗೆಗಳಲ್ಲಿ ಮೂವತ್ತು ವರ್ಷದ ಮೆಣಸಿನಕಾಯಿ ಧೂಳು ಮನೆ ಮಾಡಿತ್ತು. ಆಕೆ ಸರಿದು ಕುಳಿತಳು, ಧೂಳು ಎದ್ದಿತು, ಮೇಲಿನ ಸ್ವರಕ್ಕೆ ಕೈ ಚಾಚಿದ್ದ ಗವಾಯಿಗಳ ಬಾಯಿಂದ ಯಾವ ಶಾಸ್ತ್ರದಲ್ಲಿಯೂ ಇಲ್ಲದ ಎಂಟನೆಯದೊಂದು ಸ್ವರ ಹೊರಟಿತು. ಆಕ್ಷೀ! ಬೆನ್ನಿಗೇ ಮತ್ತೆ ನಾಲ್ಕು. ಗೋಡೆಯ ಮೇಲಿನ ಒಂದು ಶಾಲು ಕಳಚಿ ಬಿತ್ತು.

ಮಕ್ತುಮಬಿ ಅದನ್ನು ಮಡಚಿ ಕೊಟ್ಟು ತನ್ನ ಪರೀಕ್ಷೆಗೆ ಬಂದಳು. “ನೀವು ಹಾಡಿದ್ದು ಚೀಲದ ಬಾಯೀನ ಮಾಲ್ರಿ. ನಿಮ್ಮ ಶಿಷ್ಯರಾಗ ಎಲ್ಲಾರಕಿಂತ ದಡ್ಡರು ಯಾರು? ಅವರನ್ನ ಒಂದೀಟು ಹಾಡಿಸ್ರಿ.”

“ದಡ್ಡರನ್ನ ನಾ ಇಟ್ಕೊಳ್ಳೂದಿಲ್ಲವಾ. ಎರಡು ತಿಂಗಳು ನೋಡ್ತೇನಿ. ಬರಲಿಲ್ಲಂದ್ರ ಕಳಿಸಿಬಿಡ್ತೇನಿ” ಎಂದರು ಗವಾಯಿಗಳು ಮೂಗು ಒರೆಸಿಕೊಳ್ಳುತ್ತ.

“ಹಂಗಾರ ಮೂರನೇ ತಿಂಗಳಿಗೆ ನಾನೂ ಮನ್ಯಾಗ” ಎಂದು ಮಕ್ತುಮಬಿ ಎದ್ದಳು.

ಮರುವಾರ ಹಾವೇರಿ. ಅಲ್ಲೊಬ್ಬ ತರುಣ ಮೇಷ್ಟ್ರು ಮಾಳಿಗೆಯ ಮೇಲೆ ಇಪ್ಪತ್ತು ಹುಡುಗಿಯರಿಗೆ ಒಟ್ಟಿಗೆ ಪಾಠ ಹೇಳುತ್ತಿದ್ದ. ಎಲ್ಲರೂ ಒಂದೇ ಕೊರಳೆಂಬಂತೆ ಹಾಡಿದರು. ಬೇರೆ ಯಾರಾದರೂ ಆಗಿದ್ದರೆ ಅಲ್ಲಿಯೇ ಕೈಮುಗಿದು ಹೆಸರು ಹಚ್ಚಿಸುತ್ತಿದ್ದರು. ಮಕ್ತುಮಬಿ, ಒಣಗಿದ ಕಾಯಿಯನ್ನು ಕಿವಿಯ ಬಳಿ ಹಿಡಿದು ಬೀಜದ ಸಪ್ಪಳ ಕೇಳುವಂತೆ, ಒಬ್ಬೊಬ್ಬಳ ಬಾಯಿಯ ಬಳಿ ಕಿವಿ ಒಯ್ಯುತ್ತ ಸಾಲಿನುದ್ದಕ್ಕೂ ನಡೆದಳು. ಮೂಲೆಯ ಹುಡುಗಿಯ ಬಳಿ ನಿಂತಳು. ಬಾಯಿ ಆಡುತ್ತಿತ್ತು. ಸಪ್ಪಳವಿರಲಿಲ್ಲ.

“ಯವ್ವಾ, ನೀ ಯಾಕ ಹಾಡವಲ್ಲಿ?”

“ಸರ್ ಹೇಳ್ಯಾರ್ರಿ. ನೀ ಹಾಡಿದ್ರ ಅಪಸ್ವರ ಆಕ್ಕೈತಿ, ಬಾಯಿ ಅಷ್ಟ ಆಡ್ಸು ಅಂತ.”

ಮೇಷ್ಟ್ರು ನಾಲಿಗೆ ಕಚ್ಚಿಕೊಂಡ. “ಮುಂದಿನ ತಿಂಗಳು ಕಾರ್ಯಕ್ರಮ ಐತ್ರಿ. ಗುಂಪಿನ್ಯಾಗ ಒಬ್ಬಾಕಿಯಿಂದ ಎಲ್ಲಾರದೂ ಕೆಡಬಾರ್ದಲ್ಲ...”

“ಬೆರಕಿ ಮಾಲು ಸರ, ಇದು ಬೆರಕಿ ಮಾಲು” ಎಂದು ಮಕ್ತುಮಬಿ ಮೆಟ್ಟಿಲು ಇಳಿದಳು.

ಇಳಿಯುವಾಗ ಅದೇ ಹುಡುಗಿ ಹಿಂದಿನಿಂದ ಓಡಿ ಬಂದಳು. “ಅಮ್ಮಾ, ಹೊಸರಿತ್ತ್ಯಾಗ ನಮ್ಮ ಅತ್ತಿ ಮನಿ ಬಾಜೂಕ ಮರಿಯವ್ವ ಅಂತ ಅದಾರ. ಭಜನಾ ಕಲಿಸ್ತಾರ. ಎಂಥಾರನ್ನೂ ಅವರು ಬಿಡೂದಿಲ್ಲಂತ.”

ಯುಗಾದಿಗೆ ಮೂರೇ ವಾರ ಉಳಿದಿದ್ದವು. ಬ್ಯಾಡಗಿಯಲ್ಲಿ ಶಮಶೇರಸಾಬ ಆಗಲೇ ಪೇಟಿಗೆ ಹೊಸ ಬಣ್ಣ ಯಾವುದು ಬಳಿಸಬೇಕೆಂದು ಜನರನ್ನು ಕೇಳುತ್ತಿದ್ದ. ಐತವಾರ ಬೆಳಿಗ್ಗೆ ಮಕ್ತುಮಬಿ ಹೊಸರಿತ್ತಿಯ ಬಸ್ಸು ಹತ್ತಿದಳು.

ಅರವತ್ತರ ಮರಿಯವ್ವ ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಗೋಡೆಯ ಮೇಲೆ ಶಾಲಿರಲಿಲ್ಲ. ಒಂದು ಕ್ಯಾಲೆಂಡರ್ ಇತ್ತು, ಅದೂ ಹೋದ ವರ್ಷದ್ದು. ಮಕ್ತುಮಬಿ ಬಂದ ಕೆಲಸ ಹೇಳಿ, “ಕಲಿಯೂದ್ರಾಗ ಎಲ್ಲಾರಕಿಂತ ಕಡೇ ಶಿಷ್ಯನ್ನ ನೋಡ್ಬೇಕ್ರಿ” ಎಂದಳು.

ಮರಿಯವ್ವ ಬಿದ್ದು ಬಿದ್ದು ನಕ್ಕು, ಹಿತ್ತಲಿನತ್ತ ಕೂಗಿದಳು: “ಏನ್ರೀ, ಬರ್ರಿ ಇಲ್ಲೆ! ನಿಮ್ಮನ್ನ ನೋಡಾಕ ಬ್ಯಾಡಗಿಯಿಂದ ಬಂದಾರ!”

ದನದ ಕೊಟ್ಟಿಗೆಯಿಂದ ಕೈ ತೊಳೆದುಕೊಂಡು ಬಂದವನು ಆಕೆಯ ಗಂಡ ಮಾಲತೇಶಪ್ಪ. “ಇವರ ನೋಡವಾ ನನ್ನ ಕಡೇ ಶಿಷ್ಯಾ. ಹನ್ನೊಂದು ವರ್ಷ ಆತು” ಎಂದಳು ಮರಿಯವ್ವ.

ಮಾಲತೇಶಪ್ಪ ನಾಚದೆ ಕುಳಿತು ‘ಸಾ’ ಹಿಡಿದ. ಹಾವೇರಿಗೆ ಟಿಕೀಟು ತೆಗೆಸಿದವನು ನಡುದಾರಿಯಲ್ಲೇ ಇಳಿದಂತಿತ್ತು ಅದು.

“ಇಳದ್ರಿ, ಇಳದ್ರಿ. ಮ್ಯಾಲ ಬರ್ರಿ” ಎಂದಳು ಮರಿಯವ್ವ, ಕೆರೆಯ ಮೆಟ್ಟಿಲಲ್ಲಿ ಕೈ ಕೊಡುವವಳಂತೆ. “ಇನ್ನೊಂದೀಟು... ಹಾಂ, ಬಂತು. ಅಲ್ಲೇ ಕುಂದ್ರಿ!”

ಮಾಲತೇಶಪ್ಪ ಅಲ್ಲಿಯೇ ಕುಳಿತ. ಸ್ವರ ನಿಂತಿತು. ಅವನ ಮುಖದಲ್ಲಿ ಕುಸ್ತಿ ಗೆದ್ದ ಪೈಲವಾನನ ಕಳೆ.

“ಅಣ್ಣಾರ, ಹನ್ನೊಂದು ವರ್ಷದಾಗ ಬೈದಾರೇನ್ರಿ?” ಮಕ್ತುಮಬಿ ಕೇಳಿದಳು.

“ಸಂಗೀತಕ್ಕ ಒಂದ ಸಲಾನೂ ಬೈದಿಲ್ಲವಾ. ಉಳಿದ ಎಲ್ಲಾದಕ್ಕೂ ಬೈದಾಳ” ಎಂದ ಮಾಲತೇಶಪ್ಪ. “ನಾಕು ಸಲ ನಾನ ಬಿಡ್ತೇನಿ ಅಂದೆ. ಆಕಿ ಬಿಡ್ಲಿಲ್ಲ.”

ಮಕ್ತುಮಬಿಯ ಎಡಗೈ ತಳ ಮುಟ್ಟಿತ್ತು. ಅಲ್ಲಿ ಬಿಳಿಗಾಯಿ ಇರಲಿಲ್ಲ.

“ನನಗ ನಲವತ್ತೆಂಟ್ರಿ. ಮ್ಯಾಲ ಕೆಮ್ಮು ಐತಿ” ಎಂದಳು. ಮೊದಲ ಸಲ ಆಕೆಯ ದನಿ ಸಣ್ಣಗಾಗಿತ್ತು.

“ಕೆಮ್ಮು ಮುಗದ ಮ್ಯಾಲ ಹಾಡೂನು. ಅವಸರ ಯಾರಿಗೈತಿ?”

“ನನ್ನ ಮೈದುನಗ” ಎಂದು ಮಕ್ತುಮಬಿ ಪಂದ್ಯದ ಕಥೆ ಹೇಳಿದಳು. ಮರಿಯವ್ವ ಮೊರ ಪಕ್ಕಕ್ಕಿಟ್ಟು ಅಂದೇ ಪಾಠ ಹಚ್ಚಿದಳು.

ಯುಗಾದಿಯ ಹಿಂದಿನ ಸಂಜೆ ಶಮಶೇರಸಾಬ ಕೈಗಾಡಿ ತಳ್ಳಿಸಿಕೊಂಡು, ಕ್ಲಾರಿಯೊನೆಟ್ ಬಗಲಲ್ಲಿ ಹಿಡಿದು ಬಂದ. ಓಣಿಯೆಲ್ಲ ನೆರೆಯಿತು, ಅಂಗಡಿಯ ಹೆಂಗಸರು ಕೈ ಕೂಡ ತೊಳೆಯದೆ ಬಂದಿದ್ದರು. ಹೊಸರಿತ್ತಿಯಿಂದ ಬಂದ ಮರಿಯವ್ವ ಚಾಪೆಯ ಮೇಲೆ ಎಲೆಯಡಿಕೆ ಹಾಕಿಕೊಳ್ಳುತ್ತಿದ್ದಳು.

“ಭಜನಾ ಹೇಳೋ ಹಳ್ಳಿ ಹೆಣ್ಮಗಳು ಗುರು ಆಗ್ತಾಳೇನ ಭಾಬಿ? ಮೂರು ವಾರದಾಗ ಏನ ಕಲಿಸ್ಯಾರ, ತೋರ್ಸು.”

“ಸಾ.”

“ಆಮ್ಯಾಲ?”

“ಬರೇ ಸಾ.”

ಶಮಶೇರಸಾಬ ಕೈಗಾಡಿಯವನಿಗೆ ಕಣ್ಣು ಹೊಡೆದ. ಮಕ್ತುಮಬಿ ಪೇಟಿಯ ಒಂದು ಸ್ವರದ ಮನೆ ಒತ್ತಿ, ಬಾಯಿ ತೆರೆದಳು. ದನಿ ಒರಟಾಗಿತ್ತು, ಆದರೆ ನೂಲು ಹಿಡಿದು ಹಾಕಿದ ಗೆರೆಯಂತೆ ನೆಟ್ಟಗೆ ಹೊರಟಿತು. ಶಮಶೇರಸಾಬ ಏನೇ ಇರಲಿ, ಕಸುಬಿನವನು. ಅವನ ನಗೆ ಅರ್ಧಕ್ಕೆ ನಿಂತಿತು. ಆದರೂ ಸೋಲುವ ಮನಸ್ಸಿಲ್ಲ. ಕ್ಲಾರಿಯೊನೆಟ್ ಬಾಯಿಗಿಟ್ಟು, ಆಕೆಯನ್ನು ದಾರಿ ತಪ್ಪಿಸಲು ಪಕ್ಕದ ಸ್ವರವನ್ನೇ ಜೋರಾಗಿ ಊದಿದ. ಹೆಂಗಸರು ಬೈದರು. ಮಕ್ತುಮಬಿ ಅಲುಗಲಿಲ್ಲ. ಅವನು ಕೆಳಗಿನಿಂದ ಊದಿದ, ಮೇಲಿನಿಂದ ಊದಿದ, ಕೆನ್ನೆ ಕುಂಬಳಕಾಯಿಯಾಗುವಂತೆ ಊದಿದ. ಅಷ್ಟರಲ್ಲಿ ಮಕ್ತುಮಬಿಗೆ ಕೆಮ್ಮು ಬಂತು.

ಓಣಿ ಉಸಿರು ಬಿಗಿಹಿಡಿಯಿತು. ಆಕೆ ಪೇಟಿಯಿಂದ ಕೈ ತೆಗೆದಳು. ನಿಧಾನವಾಗಿ, ಪೂರ್ತಿಯಾಗಿ, ಅವಸರವಿಲ್ಲದೆ ಕೆಮ್ಮಿದಳು. ಆಮೇಲೆ ಪೇಟಿ ಮುಟ್ಟದೆಯೇ, ಎದ್ದು ಹೋದವಳು ಬಂದು ತನ್ನದೇ ಮಣೆಯ ಮೇಲೆ ಕುಳಿತಂತೆ, ಅದೇ ‘ಸಾ’ದಲ್ಲಿ ಕುಳಿತಳು. ದಾದಾಸಾಬ ಪೇಟಿಯ ಅದೇ ಮನೆ ಒತ್ತಿ ನೋಡಿದ. ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ.

ಶಮಶೇರಸಾಬ ಕ್ಲಾರಿಯೊನೆಟ್ ಕೆಳಗಿಳಿಸಿದ. ಮರಿಯವ್ವನ ಎದುರು ಮಂಡಿಯೂರಿದ. “ಬಾಯಾರ, ನಮ್ಮ ಬ್ಯಾಂಡಿನ ಹುಡುಗೂರು ಏಳು ವರ್ಷದಿಂದ ಒಂದ ಸಾ ಹಿಡಿಯವಲ್ರು. ಅವರಿಗೂ...”

“ಐತವಾರ ಬರ್ರಿ” ಎಂದಳು ಮರಿಯವ್ವ. “ಆದರ ಇಲ್ಲೆ ಸರತಿ ಐತಿ.”

“ಮಾಲತೇಶಪ್ಪಣ್ಣಾರ ಹಿಂದ ನಾನು” ಎಂದಳು ಮಕ್ತುಮಬಿ, “ನನ್ನ ಹಿಂದ ನೀನು.”

ಓಣಿಯಲ್ಲಿ ಶಿಳ್ಳೆ, ಚಪ್ಪಾಳೆ. ಕೈಗಾಡಿ ಬರಿದಾಗಿ ಮರಳಲಿಲ್ಲ. ಮಕ್ತುಮಬಿ ತಾನೇ ಆರಿಸಿದ ಮೇಲ್ತರದ ಕಡ್ಡಿ ಮೆಣಸಿನಕಾಯಿಯ ಒಂದು ಚೀಲವನ್ನು ಗುರುದಕ್ಷಿಣೆಯೆಂದು ಅದರ ಮೇಲಿಟ್ಟಳು. ಮರಿಯವ್ವನನ್ನು ಚೀಲದ ಪಕ್ಕದಲ್ಲಿ ಕೂರಿಸಿದಳು. ಶಮಶೇರಸಾಬ ತಾನೇ ಮುಂದೆ ನಿಂತು ಕ್ಲಾರಿಯೊನೆಟ್ ಊದುತ್ತ ಮೆರವಣಿಗೆಯನ್ನು ಬಸ್ ನಿಲ್ದಾಣದತ್ತ ನಡೆಸಿದ. ದಾರಿಯಲ್ಲಿ ಎದುರಾದ ಒಬ್ಬ ಮುದುಕ, ಯಾರ ಲಗ್ನವಿದು ಎಂದು ಕೇಳಿದ.

“ನಂದು” ಎಂದಳು ಮಕ್ತುಮಬಿ, ನಡಿಗೆ ನಿಲ್ಲಿಸದೆ.